ಬೇಟೆಗಾರನ ಅರಿವು, ಶರಣನ ಆಚಾರ

ಅರಿವು ಶ್ರೇಷ್ಠವೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಆ ಅರಿವು ಯಾವುದರ ಸಲುವಾಗಿ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಮನೆಯ ಯಜಮಾನನು ತನ್ನ ಮನೆಯ ಕದ ಕಿಟಕಿಗಳನ್ನೆಲ್ಲ ಬಲ್ಲನು. ಆ ಮನೆಗೆ ಕನ್ನವಿಡಲು ಹೊಂಚುವ ಕಳ್ಳನೂ ಅವನ್ನು ಬಲ್ಲನು. ಯಾವ ಅಗುಳಿ ಸಡಿಲವಾಗಿದೆ, ಯಾವ ಹೊತ್ತಿನಲ್ಲಿ ಮನೆಯವರು ನಿದ್ರಿಸುವರು, ತೊಟ್ಟಿಲ ಕೂಸು ಎಲ್ಲಿ ಮಲಗಿದೆ ಎಂಬುದೆಲ್ಲ ಇಬ್ಬರಿಗೂ ಗೊತ್ತು. ಅರಿವಿನ ವಿಷಯ ಒಂದೇ, ಅರಿವಿನ ಗತಿ ಬೇರೆ. ಒಬ್ಬನ ಅರಿವು ಕಾವಲಾಗುತ್ತದೆ, ಇನ್ನೊಬ್ಬನದು ಕೇಡಾಗುತ್ತದೆ. ಈ ಕಾರಣದಿಂದಲೇ ಶರಣಧರ್ಮವು ಅರಿವಿಗೆ ಗುರುವಿನ ಸ್ಥಾನವನ್ನು ಕೊಟ್ಟು ಅಲ್ಲಿಗೇ ನಿಲ್ಲಲಿಲ್ಲ. ಆಚಾರಕ್ಕೆ ಲಿಂಗದ ಸ್ಥಾನವನ್ನೂ ಕೊಟ್ಟಿತು. ಆಚಾರದಲ್ಲಿ ನೆಲೆಗೊಳ್ಳದ ಅರಿವು ಎಷ್ಟು ಸೂಕ್ಷ್ಮವಾಗಿದ್ದರೂ ಅದು ಕನ್ನಗಳ್ಳನ ಜಾಣ್ಮೆಗಿಂತ ಮೇಲಲ್ಲ.

ಈ ತತ್ತ್ವವನ್ನು ಪರೀಕ್ಷಿಸುವುದಕ್ಕೆ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಕಿತ್ತೂರು ನಾಡಿನ ಎಂ.ಕೆ. ಹುಬ್ಬಳ್ಳಿಯ ಕಡೆಯ ಸದ್ಗೃಹಸ್ಥನೊಬ್ಬನ ಮಗನು ಉದ್ಯೋಗ ನಿಮಿತ್ತ ಅಮೆರಿಕದಲ್ಲಿ ಇರುವನೆಂದು ತಿಳಿಯೋಣ. ಕೊರಳಲ್ಲಿ ಲಿಂಗವುಂಟು, ಮನೆಯಲ್ಲಿ ನಿತ್ಯಪೂಜೆಯುಂಟು. ಅವನ ಸಹೋದ್ಯೋಗಿಗಳು ವಸಂತ ಋತುವಿನಲ್ಲಿ ಕರಡಿಯ ಬೇಟೆಗೆ ಹೊರಡುವವರಿದ್ದಾರೆ; ಇವನನ್ನೂ ಕರೆದಿದ್ದಾರೆ. ಅಲ್ಲಿಯ ಅನೇಕ ಸಂಸ್ಥಾನಗಳಲ್ಲಿ ಅನುಮತಿಪತ್ರ ಪಡೆದು ಬೇಟೆಯಾಡುವುದು ನ್ಯಾಯಸಮ್ಮತ. ಮಗನು ತಂದೆಯನ್ನು ಕೇಳುತ್ತಾನೆ: “ರಾಜಶಾಸನವು ಒಪ್ಪಿದೆ, ಬಂಧುವರ್ಗದವರು ಯಾರೂ ನೋಡುವುದಿಲ್ಲ, ಮಾಂಸವನ್ನು ನಾನು ಮುಟ್ಟುವುದಿಲ್ಲ. ಹೋದರೆ ದೋಷವೇನು?” ತಂದೆಯು ಸಿಟ್ಟಿನಿಂದ ಬೇಡವೆಂದುಬಿಡಬಹುದು. ಆದರೆ ಸಿಟ್ಟು ಉತ್ತರವಲ್ಲ. ಪ್ರಶ್ನೆಯು ಪ್ರಾಮಾಣಿಕವಾಗಿದ್ದರೆ ಉತ್ತರವೂ ವಿಚಾರಪೂರ್ವಕವಾಗಿರತಕ್ಕದ್ದು.

ಮೊದಲು ಆ ಬೇಟೆಯ ಸ್ವರೂಪವನ್ನು ತಿಳಿಯಬೇಕು. ಶೀತದೇಶಗಳ ಕಪ್ಪು ಕರಡಿಯು ಚಳಿಗಾಲವನ್ನೆಲ್ಲ ಗವಿಯಲ್ಲಿ ಮಲಗಿ ಕಳೆಯುತ್ತದೆ. ತಿಂಗಳುಗಟ್ಟಲೆ ಆಹಾರವಿಲ್ಲದೆ ಮೈಯ ಕೊಬ್ಬನ್ನೇ ಕರಗಿಸಿಕೊಂಡು ಬದುಕಿ, ವಸಂತದಲ್ಲಿ ಹಸಿದು ಹೊರಗೆ ಬರುತ್ತದೆ. ದಕ್ಷಿಣಾಭಿಮುಖವಾದ ಗುಡ್ಡದ ಇಳಿಜಾರುಗಳಲ್ಲಿ ಬಿಸಿಲು ಹೆಚ್ಚು ಬೀಳುವುದರಿಂದ ಹಿಮವು ಅಲ್ಲಿ ಮೊದಲು ಕರಗಿ ಎಳೆಯ ಹುಲ್ಲು ಚಿಗುರುವುದು. ಹಸಿದ ಕರಡಿಯು ಅಲ್ಲಿಗೆ ಮೇಯಲು ಬರುವುದು. ಆ ಸೀಮೆಯನ್ನು ಎಂದೂ ಕಾಣದ ಬೇಟೆಗಾರನು ಮನೆಯಲ್ಲಿಯೇ ಕುಳಿತು ಭೂಪಟವನ್ನು ಹರಡಿ ಇಂಥ ಇಳಿಜಾರುಗಳನ್ನು ಗುರುತಿಸುತ್ತಾನೆ. ನೀರು ಎಲ್ಲಿದೆ, ದಾರಿ ಎಲ್ಲಿ ಮುಗಿಯುತ್ತದೆ, ಬಿಡಾರವನ್ನು ಎಲ್ಲಿ ಹೂಡಬೇಕು, ಕೊಂದ ಪ್ರಾಣಿಯ ಭಾರವನ್ನು ಎಷ್ಟು ದೂರ ಹೊತ್ತು ತರಬೇಕಾದೀತು ಎಂಬುದನ್ನೆಲ್ಲ ಲೆಕ್ಕ ಹಾಕುತ್ತಾನೆ. ಅನಂತರ ಎದುರಿನ ದಿಣ್ಣೆಯಲ್ಲಿ ಕುಳಿತು ದುರ್ಬೀನಿನಿಂದ ಗಂಟೆಗಟ್ಟಲೆ ನೋಡುತ್ತಾನೆ. ಕರಡಿಯ ಘ್ರಾಣಶಕ್ತಿ ತೀಕ್ಷ್ಣವಾದುದರಿಂದ ಗಾಳಿಯು ಅದರ ಕಡೆಯಿಂದ ತನ್ನ ಕಡೆಗೆ ಬೀಸುವಂತೆ ನೆಲೆಯನ್ನು ಆರಿಸಿಕೊಳ್ಳುತ್ತಾನೆ. ಸ್ಥಳ, ಕಾಲ, ಗಾಳಿ, ಆಹಾರ, ಮಾರ್ಗ ಈ ಐದರ ಅರಿವೇ ಬೇಟೆಯ ಸಿದ್ಧತೆ. ಇದರಲ್ಲಿ ಶ್ರಮವಿದೆ, ಸಹನೆಯಿದೆ, ಏಕಾಗ್ರತೆಯಿದೆ. ಅಲ್ಲಗಳೆಯುವಂತಿಲ್ಲ.

ಆದರೆ ಈ ಐದೂ ಅರಿವುಗಳು ಒಂದೇ ಸಂಗತಿಯ ಮೇಲೆ ನಿಂತಿವೆ. ಅದಾವುದೆಂದರೆ, ಆ ಪ್ರಾಣಿಯ ಹಸಿವು. ಗವಿಯಿಂದ ಬಂದ ತಾಯಿಕರಡಿಯೊಡನೆ ಮರಿಗಳೂ ಇರಬಹುದು. ಮರಿಯಿರುವ ತಾಯಿಯನ್ನು ಕೊಲ್ಲಕೂಡದೆಂಬ ನಿಯಮ ಅಲ್ಲಿ ಅನೇಕ ಕಡೆ ಉಂಟು. ಆದರೂ ತಾಯಿಯು ಮರಿಗಳನ್ನು ಮರ ಹತ್ತಿಸಿ ತಾನೊಂದೇ ಮೇಯುತ್ತಿದ್ದರೆ ದೂರದ ಬೇಟೆಗಾರನಿಗೆ ಅದು ಹೇಗೆ ತಿಳಿಯಬೇಕು? ತಬ್ಬಲಿ ಮರಿಗಳ ವಿಷಯವಾಗಿ ಎದ್ದ ಆಕ್ಷೇಪದಿಂದ ಕೆನಡಾ ದೇಶದ ಆಂಟೇರಿಯೋ ಪ್ರಾಂತವು 1999ರಲ್ಲಿ ವಸಂತದ ಕರಡಿಬೇಟೆಯನ್ನು ನಿಲ್ಲಿಸಿತು; 2014ರಲ್ಲಿ ಪ್ರಾಯೋಗಿಕವಾಗಿ ಪುನಃ ತೆರೆದು 2021ರಲ್ಲಿ ಕಾಯಂಗೊಳಿಸಿತು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನವು 2022ರಲ್ಲಿ ವಿನೋದಾರ್ಥವಾದ ವಸಂತಬೇಟೆಯನ್ನು ಕೈಬಿಟ್ಟಿತು. ಬೇಟೆಯನ್ನು ಒಪ್ಪಿದ ದೇಶಗಳ ಮನಸ್ಸು ಕೂಡ ಈ ಒಂದು ಋತುವಿನ ಮುಂದೆ ಅಳುಕುತ್ತಿದೆ ಎಂಬುದು ಗಮನಿಸತಕ್ಕ ಮಾತು.

ಕನ್ನಡನಾಡಿನ ಕರಡಿಯು ಬೇರೆ ಜಾತಿಯದು. ಅದು ಚಳಿಗಾಲದಲ್ಲಿ ದೀರ್ಘನಿದ್ರೆ ಮಾಡುವುದಿಲ್ಲ. ಗೆದ್ದಲು, ಇರುವೆ, ಜೇನು, ಬೋರೆ, ನೇರಳೆ, ಇಪ್ಪೆಯ ಹೂವು ಇವೇ ಅದರ ಪ್ರಧಾನ ಆಹಾರ. ಬಹುಮಟ್ಟಿಗೆ ಮಾರ್ಗಶಿರ ಪುಷ್ಯಗಳ ಸುಮಾರಿಗೆ ಗವಿಯಲ್ಲಿ ಮರಿ ಹಾಕಿ, ಎರಡು ಮೂರು ತಿಂಗಳಲ್ಲಿ ಅವನ್ನು ಬೆನ್ನಮೇಲೆ ಹೊತ್ತು ಹೊರಗೆ ಬರುವುದು. ಉದ್ದ ಕೂದಲನ್ನು ಬಿಗಿಯಾಗಿ ಹಿಡಿದು ಮರಿಗಳು ತಾಯಿಯ ಬೆನ್ನಿನ ಮೇಲೆಯೇ ಕೆಲವು ತಿಂಗಳು ಸಂಚರಿಸುತ್ತವೆ. ಯುಗಾದಿಯ ಬೇವುಬೆಲ್ಲವನ್ನು ಮನೆಮನೆಗಳಲ್ಲಿ ಹಂಚುವ ಹೊತ್ತಿಗೆ ಖಾನಾಪುರದ ಸಹ್ಯಾದ್ರಿಯ ಅಡವಿಗಳಲ್ಲಿ ಆ ತಾಯಂದಿರು ಹೀಗೆ ತಿರುಗುತ್ತಿರುವರು. ಆ ಅಡವಿಯ ಒಂದು ಭಾಗವನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹಿಂದೆ ಪರವಾನಗಿ ಪಡೆದ ಶಿಕಾರಿಗಳು ಕರಡಿಯನ್ನು ಕೊಲ್ಲುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಯಲ್ಲಿ ಇಂದು ಕರಡಿಯ ಹೆಸರಿದೆ. ಅದನ್ನು ಬೇಟೆಯಾಡಿದವನಿಗೆ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸವುಂಟು. ಆದುದರಿಂದ ಇಲ್ಲಿ ಪ್ರಶ್ನೆಯನ್ನು ಶಾಸನವೇ ಮುಗಿಸಿದೆ. ಆದರೆ ಶಾಸನವು ಕೈಯನ್ನು ಕಟ್ಟಬಲ್ಲದು, ಮನಸ್ಸನ್ನು ಕಟ್ಟಲಾರದು. ಶಾಸನವಿಲ್ಲದ ಸೀಮೆಗೆ ಹೋದೊಡನೆ ಮನಸ್ಸು ಬಂದೂಕನ್ನು ಬೇಡುವುದಾದರೆ, ಇಲ್ಲಿಯ ಅಹಿಂಸೆಯು ಭಯವಾಗಿತ್ತೇ ಹೊರತು ಧರ್ಮವಾಗಿರಲಿಲ್ಲ.

ಈಗ ಪೂರ್ವಪಕ್ಷವನ್ನು ಕೇಳಬೇಕು. ಬೇಟೆಯ ಪರವಾಗಿ ಹೇಳಬಹುದಾದ ಮಾತುಗಳು ದುರ್ಬಲವಾದವುಗಳಲ್ಲ.

ಒಂದನೆಯದು: ಶಾಸ್ತ್ರಗಳಲ್ಲಿಯೇ ಬೇಟೆಗೆ ಸಮ್ಮತಿಯುಂಟು. ಮನುವು ಕಾಮಜನ್ಯವಾದ ಹತ್ತು ವ್ಯಸನಗಳಲ್ಲಿ ಮೃಗಯೆಯನ್ನು ಮೊದಲು ಎಣಿಸಿದ್ದರೂ, ಕೌಟಿಲ್ಯನು ಬೇಟೆಯಿಂದ ದೇಹಕ್ಕೆ ವ್ಯಾಯಾಮವೂ ಗುರಿಯಲ್ಲಿ ನಿಪುಣತೆಯೂ ಮೃಗಗಳ ಚಿತ್ತಜ್ಞಾನವೂ ಉಂಟಾಗುವುದೆಂದು ಹೇಳಿದ್ದಾನೆ. ಎರಡನೆಯದು: ಶಿವನೇ ಕಿರಾತರೂಪದಿಂದ ಹಂದಿಯನ್ನು ಬೆನ್ನಟ್ಟಿದನು; ಬೇಡರ ಕಣ್ಣಪ್ಪನು ಬೇಟೆಗಾರನಾಗಿಯೇ ಶಿವನ ಒಲವನ್ನು ಪಡೆದನು. ಮೂರನೆಯದು: ನೇಗಿಲು ಹೂಡುವ ರೈತನಿಂದಲೂ ಸಾವಿರ ಕ್ರಿಮಿಗಳು ಸಾಯುವುವು, ಕಬ್ಬಿಗೆ ಔಷಧ ಹೊಡೆಯುವವನು ಕರಡಿಯ ಬಗೆಗೆ ದಯೆಯನ್ನು ಬೋಧಿಸುವುದು ಹೇಗೆ? ನಾಲ್ಕನೆಯದು: ಬೇಟೆಗಾರನ ಹಣದಿಂದಲೇ ಅಡವಿ ಉಳಿಯುತ್ತದೆ. ಅಮೆರಿಕದಲ್ಲಿ 1937ರ ಶಾಸನದ ಪ್ರಕಾರ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯು ವನ್ಯಜೀವಿಗಳ ರಕ್ಷಣೆಗೆ ವಿನಿಯೋಗವಾಗುತ್ತ ಬಂದಿದೆ. ಐದನೆಯದು: ಮುದಿಯಾಗಿ ಹಸಿವಿನಿಂದ ಸಾಯುವುದಕ್ಕಿಂತ ಒಂದೇ ಗುಂಡಿಗೆ ಸಾಯುವುದು ಪ್ರಾಣಿಗೂ ಮೇಲಲ್ಲವೇ?

ಇವುಗಳಿಗೆ ಕ್ರಮವಾಗಿ ಸಮಾಧಾನವನ್ನು ಹೇಳಬಹುದು. ಕೌಟಿಲ್ಯನು ಎಣಿಸಿದ ಗುಣಗಳು ಸುಳ್ಳಲ್ಲ. ಆದರೆ ಅವು ಬೇಟೆಗಾರನಿಗೆ ಆಗುವ ಲಾಭಗಳೇ ಹೊರತು ಬೇಟೆಯ ಧರ್ಮಕ್ಕೆ ಪ್ರಮಾಣಗಳಲ್ಲ. ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ ವಸಂತದ ಸೊಬಗನ್ನು ಬಣ್ಣಿಸಿ, ಅದರ ಬೆನ್ನಿಗೇ ದಶರಥನನ್ನು ಬೇಟೆಗೆ ಕಳುಹಿಸುತ್ತಾನೆ. ದಶರಥನಿಗೆ ಬಿಲ್ವಿದ್ಯೆಯ ಅರಿವು ಕಡಿಮೆಯಿತ್ತೆ? ಶಬ್ದವನ್ನು ಕೇಳಿದ ಮಾತ್ರದಿಂದ ಗುರಿಯಿಡಬಲ್ಲ ಅರಿವು ಅವನದು. ಆ ಅರಿವೇ ಕೊಡದಲ್ಲಿ ನೀರು ತುಂಬುತ್ತಿದ್ದ ತಾಪಸಕುಮಾರನ ಪ್ರಾಣವನ್ನು ತೆಗೆಯಿತು. ಕುರುಡ ತಂದೆತಾಯಿಗಳ ಶಾಪವನ್ನು ತಂದಿತು. ಕತ್ತಲೆಯಲ್ಲಿ ಹೊಳೆಯ ದಡದಲ್ಲಿ ಕುಳಿತವನಿಗೆ ಆಚೆಯಿರುವುದು ಆನೆಯೋ ಮಗುವೋ ತಿಳಿಯಲಿಲ್ಲ. ಅಪರಿಚಿತ ಗುಡ್ಡದಲ್ಲಿ ದುರ್ಬೀನು ಹಿಡಿದವನಿಗೆ ಆಚೆಯಿರುವುದು ಒಂಟಿ ಕರಡಿಯೋ ತಾಯಿಯೋ ತಿಳಿಯದು. ಕಾಲ ಬದಲಾಗಿದೆ, ಆಯುಧ ಬದಲಾಗಿದೆ. ದಶರಥನ ಕತ್ತಲೆ ಬದಲಾಗಿಲ್ಲ.

ಕಿರಾತರೂಪದ ಶಿವನು ಕೊಂದ ಹಂದಿಯು ಅರ್ಜುನನನ್ನು ಕೊಲ್ಲಲು ಬಂದ ಮೂಕನೆಂಬ ದಾನವ. ಅದು ವಿನೋದವಲ್ಲ, ರಕ್ಷಣೆ. ಕಣ್ಣಪ್ಪನ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ಅವನ ಹುಟ್ಟು ಬೇಡರಲ್ಲಿ, ಅವನ ಬದುಕು ಬೇಟೆಯಲ್ಲಿ. ತನ್ನಲ್ಲಿದ್ದುದನ್ನೇ ಅವನು ಶಿವನಿಗೆ ಅರ್ಪಿಸಿದನು. ಲೋಕವು ಅವನನ್ನು ನೆನೆಯುವುದು ಮೃಗಗಳ ಪ್ರಾಣವನ್ನು ತೆಗೆದುದಕ್ಕಲ್ಲ, ತನ್ನ ಕಣ್ಣನ್ನು ತೆಗೆದು ಕೊಟ್ಟುದಕ್ಕೆ. ಕೊಲ್ಲುವ ಬಾಣವನ್ನೇ ಅವನು ಕೊಡುವ ಸಾಧನವನ್ನಾಗಿ ಮಾಡಿದನು. ಬೇಟೆಯನ್ನು ಸಮರ್ಥಿಸುವುದಕ್ಕೆ ಕಣ್ಣಪ್ಪನ ಹೆಸರನ್ನು ಹೇಳುವವನು ಮೊದಲು ಆ ಬಾಣವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬೇಕು.

ನೇಗಿಲಿನ ಮಾತು ಹೆಚ್ಚು ಗಂಭೀರವಾದುದು. ಬದುಕೆಂಬುದು ಪೂರ್ಣವಾಗಿ ಹಿಂಸಾರಹಿತವಾಗಿರಲು ಸಾಧ್ಯವಿಲ್ಲ. ಶರಣರು ಇದನ್ನು ಅರಿಯದವರಲ್ಲ. ಒಕ್ಕಲಿಗ, ನೇಕಾರ, ಅಂಬಿಗ, ಸಮಗಾರ ಎಲ್ಲರೂ ಅನುಭವಮಂಟಪದಲ್ಲಿ ಕುಳಿತಿದ್ದರು. ಆದರೆ ಕಾಯಕದಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆ ಬೇರೆ, ಹಿಂಸೆಯನ್ನೇ ಗುರಿಯಾಗಿ ಇಟ್ಟುಕೊಂಡ ವಿನೋದ ಬೇರೆ. ರೈತನ ಗುರಿ ಕಾಳು; ಕ್ರಿಮಿಗಳು ಸಾಯದೆ ಕಾಳು ಬರುವುದಾದರೆ ಅವನು ಸಂತೋಷಪಡುವನು. ಬೇಟೆಗಾರನ ಗುರಿ ಸಾವು. ಕರಡಿಯು ಸಾಯದಿದ್ದರೆ ಅವನ ಸಿದ್ಧತೆಯೆಲ್ಲ ವ್ಯರ್ಥವಾಯಿತೆಂದು ದುಃಖಪಡುವನು. ಯಾವುದನ್ನು ಕಳೆದುಕೊಂಡರೆ ಮನಸ್ಸು ಮರುಗುವುದೋ ಅದೇ ಆ ಕರ್ಮದ ನಿಜವಾದ ಉದ್ದೇಶ. ಹಿಮದ ಸೀಮೆಯಲ್ಲಿ ಬೇರೆ ಆಹಾರವಿಲ್ಲದೆ ಬೇಟೆಯಿಂದಲೇ ಮಕ್ಕಳನ್ನು ಸಾಕಿದ ಮೂಲನಿವಾಸಿಗಳ ವಿಚಾರವೂ ಬೇರೆಯೇ. ಹೊಟ್ಟೆಯ ಬೇಟೆಯನ್ನು ತೀರ್ಪುಮಾಡಲು ತುಂಬಿದ ಹೊಟ್ಟೆಯವನಿಗೆ ಅಧಿಕಾರವಿಲ್ಲ.

ತೆರಿಗೆಯ ಹಣ ಅಡವಿಗೆ ಉಪಕಾರವಾಗಿರುವುದು ನಿಜ. ಆದರೆ ಅಡವಿಯ ಮೇಲೆ ಪ್ರೀತಿಯುಳ್ಳವನು ಹಣವನ್ನು ಕೊಟ್ಟು ಪ್ರಾಣವನ್ನು ಬಿಡಬಹುದಲ್ಲವೇ? ಪ್ರತಿಫಲವಾಗಿ ಒಂದು ಜೀವವನ್ನು ಕೇಳುವ ಕೊಡುಗೆಯು ವ್ಯಾಪಾರ, ಅದು ದಾಸೋಹವಲ್ಲ. ಇನ್ನು ಸುಖಮರಣದ ಮಾತು. ಬೇಟೆಗಾರನು ಹುಡುಕುವುದು ಮುದಿಯಾದ, ಹಸಿವಿನಿಂದ ನರಳುವ ಕರಡಿಯನ್ನಲ್ಲ. ದೊಡ್ಡ ಮೈಯ, ಹೊಳೆಯುವ ತೊಗಲಿನ ಕರಡಿಯನ್ನು. ಆದುದರಿಂದ ಆ ದಯೆಯ ಮಾತು ಬಾಯಲ್ಲಿದೆ, ಗುರಿಯಲ್ಲಿಲ್ಲ.

ಸಿದ್ಧಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಇತಿಹಾಸದಲ್ಲಿಯೇ ಅದು ಇದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರ ಹೊತ್ತಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನ ವಿನೋದಗಳನ್ನು ಹೇಳುವಾಗ ಮೃಗಯೆಯ ಬಗೆಬಗೆಯ ಕ್ರಮಗಳನ್ನೂ ಮೀನು ಹಿಡಿಯುವ ಉಪಾಯಗಳನ್ನೂ ಅವನು ವಿಸ್ತಾರವಾಗಿ ವರ್ಣಿಸಿದ್ದಾನೆ. ಪ್ರಾಣಿಗಳ ಸ್ವಭಾವವನ್ನು ಕುರಿತು ಅದರಲ್ಲಿ ಎಷ್ಟೋ ಅರಿವಿದೆ. ಅದೇ ಕಲ್ಯಾಣದಲ್ಲಿ, ಒಂದು ತಲೆಮಾರು ಕಳೆಯುವಷ್ಟರಲ್ಲಿ, ಬಸವಣ್ಣನವರು ಧರ್ಮವೆಂಬ ಮರಕ್ಕೆ ದಯೆಯೇ ಬೇರೆಂದು ಸಾರಿದರು. ಅರಮನೆಯ ಅರಿವು ಪ್ರಾಣಿಯನ್ನು ಹಿಡಿಯುವುದು ಹೇಗೆಂದು ಕೇಳಿತು. ಮಹಾಮನೆಯ ಅರಿವು ಪ್ರಾಣಿಗೆ ಲೇಸನ್ನು ಬಯಸುವುದು ಹೇಗೆಂದು ಕೇಳಿತು. ಊರು ಒಂದೇ, ಪ್ರಶ್ನೆ ಬೇರೆ.

ಮುಂದೆ ಆ ಶರಣರೇ ಬೇಟೆಯ ಪ್ರಾಣಿಗಳಂತಾದರು. 12ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣವು ಕಲಕಿದಾಗ ಚನ್ನಬಸವಣ್ಣನವರೊಡನೆ ಶರಣರ ಸಮೂಹವು ಉಳವಿಯ ಕಡೆಗೆ ಹೊರಟಿತು. ಹಿಂದೆ ಅರಸನ ಸೈನ್ಯ, ಮುಂದೆ ಕಾಣದ ಅಡವಿ. ಎಂ.ಕೆ. ಹುಬ್ಬಳ್ಳಿಗೆ ಸಮೀಪದ ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯಕ್ಕೂ ಶರಣರಿಗೂ ಕಾಳಗವಾಯಿತೆಂದು ಪರಂಪರೆಯು ಹೇಳುತ್ತದೆ. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರು ಎಂ.ಕೆ. ಹುಬ್ಬಳ್ಳಿಯಲ್ಲಿ ಲಿಂಗೈಕ್ಯರಾದರು, ಮಲಪ್ರಭೆಯ ಒಡಲಿನಲ್ಲಿರುವ ಅವರ ಐಕ್ಯಮಂಟಪಕ್ಕೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ಬೆನ್ನಟ್ಟಿದವರಿಗೂ ಐದು ಅರಿವುಗಳಿದ್ದುವು. ಈ ಜನರು ಯಾವ ಹಾದಿ ಹಿಡಿಯುವರು, ಎಲ್ಲಿ ನೀರು ಕುಡಿಯುವರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಎಲ್ಲಿ ನಿಧಾನಿಸುವರು ಎಂಬುದನ್ನು ಅವರು ಲೆಕ್ಕಹಾಕಿದ್ದಿರಬೇಕು. ಬೆನ್ನಮೇಲೆ ಮರಿಯನ್ನು ಹೊತ್ತು ಓಡುವ ಜೀವದ ಸಂಕಟವನ್ನು ಈ ಧರ್ಮದವರಿಗೆ ಬೇರೆಯವರು ಬೋಧಿಸಬೇಕಾಗಿಲ್ಲ. ತಮ್ಮ ಪೂರ್ವಿಕರ ಹಾದಿಯನ್ನು ನೆನೆದರೆ ಸಾಕು. ಶರಣರು ಅಪರಿಚಿತ ಅಡವಿಯನ್ನು ಆಶ್ರಯವೆಂದು ಹೊಕ್ಕರು. ಅಡವಿಯ ಮನೆಯಲ್ಲಿ ಮನುಷ್ಯನು ಬಂದವನು, ಮೃಗವೇ ಇದ್ದವನು. ತನ್ನ ಮನೆಗೆ ಬಂದ ಜಂಗಮನನ್ನು ಆದರಿಸುವ ಭಕ್ತನು, ತಾನು ಹೊಕ್ಕ ಮನೆಯ ಒಡೆಯನನ್ನು ಕೊಂದು ಬರುವುದು ಯಾವ ಆಚಾರ?

ಇಷ್ಟು ಹೇಳಿ ದೂರದೇಶದ ಬೇಟೆಗಾರನನ್ನು ಹಳಿದು ಸುಮ್ಮನಾದರೆ ವಿಚಾರವು ಅರ್ಧವಾಗುವುದು. ಬಂದೂಕನ್ನು ಎಂದೂ ಮುಟ್ಟದ ಗೃಹಸ್ಥನು ತನ್ನ ಹೊಲದ ಕಡೆಗೂ ಒಮ್ಮೆ ನೋಡಬೇಕು. ಹಂದಿಯ ಕಾಟಕ್ಕೆಂದು ಬೇಲಿಯ ತಂತಿಗೆ ನೇರವಾಗಿ ವಿದ್ಯುತ್ತನ್ನು ಹರಿಸುವವರಿದ್ದಾರೆ, ಉರುಳು ಕಟ್ಟುವವರಿದ್ದಾರೆ, ಹಣ್ಣಿನಲ್ಲಿ ಸಿಡಿಮದ್ದು ಇಡುವವರಿದ್ದಾರೆ. ಬೇಟೆಗಾರನು ಗುಂಡು ಹಾರಿಸುವ ಮುನ್ನ ಪ್ರಾಣಿಯನ್ನು ಒಮ್ಮೆಯಾದರೂ ನೋಡುತ್ತಾನೆ. ತಂತಿಯು ಏನನ್ನೂ ನೋಡುವುದಿಲ್ಲ. ಹಂದಿಯೂ ಸಾಯುವುದು, ಕರಡಿಯೂ ಸಾಯುವುದು, ನಸುಕಿನಲ್ಲಿ ನೀರು ತಿರುವಲು ಬಂದ ನೆರೆಹೊಲದ ಕೂಲಿಯವನೂ ಸಾಯುವನು. ಹಣೆಯಲ್ಲಿ ವಿಭೂತಿ, ಬೇಲಿಯಲ್ಲಿ ಮೃತ್ಯು! ಇದಕ್ಕೆ ಯಾವ ಪೂರ್ವಪಕ್ಷವೂ ಇಲ್ಲ.

ಹಾಗಾದರೆ ಅಡವಿಯಂಚಿನ ರೈತನು ಕರಡಿಗೆ ಮೈಯೊಡ್ಡಿ ನಿಲ್ಲಬೇಕೆ? ಹಾಗೆ ಯಾರೂ ಹೇಳಲಾರರು. ಕರಡಿಯ ಪೆಟ್ಟಿನಿಂದ ಮುಖ ಕಳೆದುಕೊಂಡವರ ದುಃಖವು ಸಣ್ಣದಲ್ಲ. ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮೃಗವನ್ನು ಕೊಲ್ಲಬೇಕಾಗಿ ಬಂದರೆ ಅದನ್ನು ಶಾಸನವೂ ಅಪರಾಧವೆನ್ನುವುದಿಲ್ಲ. ಆದರೆ ಅದಕ್ಕೆ ಮುನ್ನ ಮಾಡತಕ್ಕದ್ದು ಬಹಳವಿದೆ. ಇಲ್ಲಿಯೇ ಬೇಟೆಗಾರನ ಆ ಐದು ಅರಿವುಗಳು ಶರಣನ ಆಚಾರವಾಗಬೇಕು. ಸ್ಥಳದ ಅರಿವಿದ್ದವನು ಗವಿ ಬಂಡೆಗಳ ಕಡೆಗೆ ದನ ಹೊಡೆಯನು. ಕಾಲದ ಅರಿವಿದ್ದವನು ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಒಬ್ಬನೇ ಅಡವಿಯ ಹಾದಿ ಹಿಡಿಯನು. ದೀಪ ಹಿಡಿದು, ಜೊತೆಗೂಡಿ, ಗಟ್ಟಿಯಾಗಿ ಮಾತನಾಡುತ್ತ ನಡೆಯುವನು. ಗಾಳಿಯ ಅರಿವಿದ್ದವನು, ಎದುರುಗಾಳಿಯಲ್ಲಿ ತನ್ನ ವಾಸನೆ ಕರಡಿಗೆ ತಿಳಿಯದೆಂದು ಇನ್ನಷ್ಟು ಸದ್ದು ಮಾಡುವನು. ಏಕೆಂದರೆ ಈ ನಾಡಿನ ಕರಡಿಯು ಮನುಷ್ಯನನ್ನು ತಿನ್ನಲು ಬರುವುದಲ್ಲ. ಗೆದ್ದಲು ತೋಡುವುದರಲ್ಲಿ ಮೈಮರೆತಿದ್ದಾಗ ಅನಿರೀಕ್ಷಿತವಾಗಿ ಹತ್ತಿರ ಬಂದವನ ಮೇಲೆ ಬೆದರಿ ಬೀಳುವುದೇ ಹೆಚ್ಚು. ಆಹಾರದ ಅರಿವಿದ್ದವನು ಇಪ್ಪೆಯ ಹೂವು ಉದುರುವ ದಿನಗಳಲ್ಲಿ ಆ ಮರದಡಿಯನ್ನು ಬೆಳಗಾಗುವವರೆಗೆ ಕರಡಿಗೆ ಬಿಡುವನು. ಮಾರ್ಗದ ಅರಿವಿದ್ದವನು ಅದು ಓಡಿಹೋಗುವ ದಾರಿಗೆ ಅಡ್ಡವಾಗಿ ನಿಲ್ಲನು. ಕೊಲ್ಲುವುದಕ್ಕೆ ಯಾವ ಅರಿವು ಬೇಕೋ ಕೊಲ್ಲದೆ ಬಾಳುವುದಕ್ಕೂ ಅದೇ ಬೇಕು.

ಬೇಡವೆಂದು ಹೇಳುವವರು ಬದುಕಿಗೆ ಬೇರೆ ದಾರಿಯನ್ನೂ ತೋರಿಸಬೇಕೆಂಬುದು ಶರಣರ ಮತ್ತೊಂದು ಪಾಠ. ದೇವರ ದಾಸಿಮಯ್ಯನವರು ಅಡವಿಯಲ್ಲಿ ಬೇಟೆಯಿಂದ ಬದುಕುತ್ತಿದ್ದ ಜನರನ್ನು ಅಹಿಂಸೆಗೆ ತಿರುಗಿಸಿದಾಗ ಬರಿಯ ಉಪದೇಶವನ್ನು ಕೊಡಲಿಲ್ಲ. ಗಾಣವನ್ನು ನಡೆಸಿ ಎಣ್ಣೆ ತೆಗೆಯುವ ಕಾಯಕವನ್ನೂ ಕಲಿಸಿದರೆಂದು ಕಥೆಯುಂಟು. ಇತ್ತೀಚಿನ ಕಾಲದಲ್ಲಿ ಕರಡಿ ಕುಣಿಸುವ ಕಲಂದರರಿಗೆ ಬೇರೆ ಉದ್ಯೋಗಗಳಿಗೆ ನೆರವಿತ್ತು, ಅವರ ಕರಡಿಗಳನ್ನು ಆಶ್ರಯಧಾಮಗಳಿಗೆ ಸೇರಿಸಲಾಯಿತು; ಕುಣಿತದ ಕೊನೆಯ ಕರಡಿಯನ್ನು 2009ರಲ್ಲಿ ಬನ್ನೇರುಘಟ್ಟದ ಆಶ್ರಯಧಾಮಕ್ಕೆ ಒಪ್ಪಿಸಿದರು. ದಯೆಗೆ ಕಾಯಕದ ಊರುಗೋಲಿದ್ದರೆ ಅದು ಬಹುದೂರ ನಡೆಯಬಲ್ಲದು.

ಆ ತಂದೆಯು ಮಗನಿಗೆ ಬರೆಯತಕ್ಕ ಉತ್ತರವೂ ಇದರಿಂದ ಸ್ಪಷ್ಟವಾಗುತ್ತದೆ. “ಭೂಪಟವನ್ನು ಓದುವುದನ್ನು ಕಲಿ, ಗಾಳಿಯ ದಿಕ್ಕನ್ನು ಕಲಿ, ಆ ದಿಣ್ಣೆಯ ಮೇಲೆ ಸಹನೆಯಿಂದ ಕುಳಿತುಕೋ, ಹಸಿದ ಜೀವವು ಎಳೆಯ ಹುಲ್ಲನ್ನು ಮೇಯುವುದನ್ನು ಕಣ್ತುಂಬ ನೋಡು. ಅಲ್ಲಿಯವರೆಗೆ ನಿನಗೂ ನಿನ್ನ ಗೆಳೆಯರಿಗೂ ಭೇದವಿಲ್ಲ. ಬಂದೂಕನ್ನು ಮಾತ್ರ ಒಯ್ಯಬೇಡ. ಇಷ್ಟೆಲ್ಲ ಅರಿತ ಮೇಲೂ ಕೊಲ್ಲಬೇಕೆನಿಸಿದರೆ, ಅರಿತದ್ದು ಕರಡಿಯನ್ನಲ್ಲ, ಗುರಿಯನ್ನು ಎಂದು ತಿಳಿ.”

ಮಲಪ್ರಭೆಯು ಖಾನಾಪುರದ ಕಣಕುಂಬಿಯಲ್ಲಿ, ಕರಡಿಗಳು ಓಡಾಡುವ ಸಹ್ಯಾದ್ರಿಯ ಅಡವಿಯಲ್ಲಿ ಹುಟ್ಟುತ್ತಾಳೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳವನ್ನು ತೊಳೆದು, ಸವದತ್ತಿ ರಾಮದುರ್ಗಗಳ ಹೊಲಗಳಿಗೆ ನೀರುಣಿಸಿ, ಬಸವಣ್ಣನವರ ಐಕ್ಯಕ್ಷೇತ್ರವಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ಮಂಟಪದ ಬಳಿ ಭಕ್ತನು ಬೊಗಸೆಯಲ್ಲಿ ಎತ್ತಿಕೊಳ್ಳುವ ನೀರನ್ನು ಮೇಲಿನ ಕಾಡಿನಲ್ಲಿ ಮರಿಹೊತ್ತ ತಾಯಿಯೊಂದು ಆಗಲೇ ಕುಡಿದಿರುತ್ತದೆ. ಆ ನೀರಿನಿಂದ ಲಿಂಗಕ್ಕೆ ಮಜ್ಜನ ಮಾಡುವವನು ಆ ತಾಯಿಯ ಕೇಡನ್ನು ಬಯಸದಿರಲಿ. ಅವನ ಅರಿವು ಆಚಾರವಾಗಲಿ.